ರಿಬ್ಬನ್ ಕಟ್ಟಿದ ಕನ್ನಡಕಗಳು

ಮೊದಲನೆಯ ಚೀಲ ಬಿಚ್ಚಿದಾಗ ಅಕ್ಕನಿಗೆ ಏನೂ ಅನ್ನಿಸಲಿಲ್ಲ. ಹೂವಿನ ಚಿತ್ರದ ಬಟ್ಟೆಯಲ್ಲಿ ಹೊಲಿದ ಅಂಗೈಯಗಲದ ಚೀಲ, ಬಾಯಿಗೆ ನೀಲಿ ರಿಬ್ಬನ್ನು, ಒಳಗೆ ಫಳಫಳ ಹೊಳೆಯುವ ಒಂದು ಕನ್ನಡಕ, ಜೊತೆಗೆ ಬಣ್ಣದ ಕಾಗದದ ಮೇಲೆ ಮುದ್ದಾಗಿ ಬರೆದ ಒಂದು ಬೈಬಲ್ ವಚನ. ಚೆನ್ನಾಗಿಯೇ ಮಾಡಿದ್ದಾರೆ ಅಂದುಕೊಂಡಳು. ಎರಡನೆಯದನ್ನು ಬಿಚ್ಚಿದಳು, ಮೂರನೆಯದನ್ನು ಬಿಚ್ಚಿದಳು. ಐದನೆಯದಕ್ಕೆ ಬಂದವಳು ಮೊದಲಿನ ನಾಲ್ಕನ್ನೂ ಮತ್ತೆ ತಿರುಗಿಸಿ ನೋಡಿದಳು. ಕನ್ನಡಕದ ಕಡ್ಡಿಯ ಒಳಬದಿಗೆ ತಾನು ಕೈಯಾರೆ ಅಂಟಿಸಿದ್ದ ನಂಬರಿನ ಚೀಟಿ ಒಂದರಲ್ಲೂ ಇರಲಿಲ್ಲ.

ಅಕ್ಕ ಇಪ್ಪತ್ತೇಳು ವರ್ಷದಿಂದ ಕನ್ನಡಕದಂಗಡಿ ನಡೆಸುತ್ತಿರುವವಳು. ಅಂಗಡಿಗೆ ಬರುವವರೆಲ್ಲ ಅಕ್ಕ ಅಕ್ಕ ಎಂದು ಕರೆದೂ ಕರೆದೂ ಗಂಡನೇ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದು ಬೈಸಿಕೊಂಡಿದ್ದುಂಟು. ಚರ್ಚಿನ ಸಭೆಯವರು ಮನೆಮನೆಯಿಂದ ಹಳೆಯ ಕನ್ನಡಕ ಒಟ್ಟುಮಾಡಿ ಪರದೇಶದ ಬಡವರಿಗೆ ಕೊಡೋಣ ಎಂದಾಗ, ನಾನು ಬರುತ್ತೇನೆ ಎಂದು ಮೊದಲು ಕೈಯೆತ್ತಿದವಳು ಅವಳೇ. ಆದರೆ ಒಂದು ಷರತ್ತು ಹಾಕಿದ್ದಳು. ಕೊಡುವುದಾದರೆ ಸರಿಯಾದ ನಂಬರು ನೋಡಿ ಕೊಡಬೇಕು, ಹಳೆ ಬಟ್ಟೆ ಹಂಚಿದ ಹಾಗೆ ಹಂಚಬಾರದು. ಆರು ತಿಂಗಳ ಭಾನುವಾರಗಳ ಮಧ್ಯಾಹ್ನವನ್ನೆಲ್ಲ ಅದಕ್ಕೇ ಸುರಿದಿದ್ದಳು. ಆರುನೂರ ನಲವತ್ತು ಕನ್ನಡಕ. ಒಂದೊಂದನ್ನೂ ಅಳತೆಯ ಯಂತ್ರಕ್ಕೆ ಇಟ್ಟು, ಎಡಗಣ್ಣು ಇಷ್ಟು ಬಲಗಣ್ಣು ಇಷ್ಟು ಎಂದು ಸಣ್ಣ ಚೀಟಿಯಲ್ಲಿ ಬರೆದು ಅಂಟಿಸಿದ್ದಳು.

ಈಗ ಆ ಆರುನೂರ ನಲವತ್ತೂ ಈ ಗುರುತಿಲ್ಲದ ದೇಶದ ಮಿಷನ್ ಮನೆಯ ಹಜಾರದಲ್ಲಿ, ಉದ್ದನೆಯ ಮೇಜಿನ ಮೇಲೆ, ಮದುವೆಯ ಉಡುಗೊರೆಗಳ ಹಾಗೆ ರಿಬ್ಬನ್ ಕಟ್ಟಿಸಿಕೊಂಡು ಕೂತಿದ್ದವು.

"ಇದರ ಮೇಲಿದ್ದ ಚೀಟಿ ಎಲ್ಲಿ?" ಎಂದು ಕೇಳಿದಳು. ದನಿ ಮೆತ್ತಗಿತ್ತು. ಅವಳನ್ನು ಬಲ್ಲವರು ಆ ಮೆತ್ತಗಿನ ದನಿಗೇ ಹೆದರುತ್ತಿದ್ದರು.

ಉತ್ತರ ಕೊಟ್ಟವಳು ನಾದಿನಿ, ಅಂದರೆ ಅಕ್ಕನ ತಮ್ಮನ ಹೆಂಡತಿ, ಸಭೆಯ ಮಹಿಳಾ ಸಂಘದ ಮುಂದಾಳು. ಒಳ್ಳೆಯವಳು. ಎಷ್ಟು ಒಳ್ಳೆಯವಳು ಅಂದರೆ ಅವಳ ಮೇಲೆ ಸಿಟ್ಟು ಮಾಡಿಕೊಂಡವರಿಗೇ ಪಾಪ ತಟ್ಟುತ್ತದೇನೋ ಅನ್ನಿಸುವಷ್ಟು.

"ಅದಾ ಅತ್ತಿಗೆ? ಎಲ್ಲದಕ್ಕೂ ಒಂದೊಂದು ಗಲೀಜು ಪೇಪರ್ ಅಂಟ್ಕೊಂಡಿತ್ತು. ಯಾವ್ದೋ ಹಳೇ ಅಂಗಡಿ ಚೀಟಿ ಇರ್ಬೇಕು ಅಂತ ಸೋಪಿನ ನೀರಲ್ಲಿ ನೆನೆಹಾಕಿ ಕಿತ್ತುಹಾಕಿದ್ವಿ. ಹನ್ನೆರಡು ಜನ ಹೆಂಗಸ್ರು, ಮೂರು ದಿನ! ಉಗುರಲ್ಲಿ ಕೆರೆದೂ ಕೆರೆದೂ ಸಾಕಾಗಿಹೋಯ್ತು. ದೇವರ ಕೆಲಸಕ್ಕೆ ಕೊಡೋದು ಕೊಳೆ ಇರಬಾರ್ದು ಅಲ್ವಾ? ನಿಮಗೆ ಹೇಳ್ದೆ ಮಾಡಿದ್ವಿ, ಇಲ್ಲಿಗೆ ಬಂದ್ಮೇಲೆ ನೋಡಿ ಖುಷಿಪಡ್ಲಿ ಅಂತ."

ಅಕ್ಕ ಕುರ್ಚಿಯ ಮೇಲೆ ಕೂತುಬಿಟ್ಟಳು. ಆರು ತಿಂಗಳು ಅಕ್ಷರಶಃ ನೀರುಪಾಲಾಗಿತ್ತು. ಹನ್ನೆರಡು ಹೆಂಗಸರಲ್ಲಿ ಒಬ್ಬಳಿಗಾದರೂ ಆ ಚೀಟಿಯಲ್ಲಿ ಏನು ಬರೆದಿದೆ ಎಂದು ಓದುವ ಬುದ್ಧಿ ಬರಲಿಲ್ಲವೇ ಎಂದು ಮೈಯೆಲ್ಲ ಉರಿಯಿತು. ಆಮೇಲೆ ಹೊಳೆಯಿತು, ಆ ಹನ್ನೆರಡರಲ್ಲಿ ಒಂಬತ್ತು ಜನಕ್ಕೆ ಹತ್ತಿರದ್ದು ಕಾಣುವುದಿಲ್ಲ. ಕನ್ನಡಕ ಮಾಡಿಕೊಟ್ಟವಳು ತಾನೇ. ಸೋಪಿನ ನೀರು ಹಾರೀತೆಂದು ಎಲ್ಲರೂ ಬಿಚ್ಚಿಟ್ಟು ತೊಳೆದಿರುತ್ತಾರೆ.

"ಅಕ್ಕಾ, ಬೇಜಾರ್ ಮಾಡ್ಕೋಬೇಡ. ಒಂದು ಪ್ರಾರ್ಥನೆ ಮಾಡೋಣ," ಎಂದ ತಮ್ಮ.

ತಮ್ಮ ಈ ತಂಡದ ಮುಖಂಡ. ಊರಿನ ಸಭೆಗೆ ಅವನು ಅಯ್ಯನವರು. ನಿಲುವಂಗಿ ತೊಟ್ಟು ನಿಂತರೆ ಹಿರಿಯರೂ ಎದ್ದು ನಿಲ್ಲುತ್ತಾರೆ. ಅಕ್ಕನಿಗೆ ಮಾತ್ರ ಅವನು ಗುಂಡು. ಅವ್ವ ಕಾಯಿಲೆ ಬಿದ್ದಾಗಿನಿಂದ ಅವನಿಗೆ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಕಳಿಸಿದವಳು ಅವಳು. ಎಲ್ಲರೂ ಕಣ್ಣು ಮುಚ್ಚಿದರು. ಗುಂಡು ಪ್ರಾರ್ಥಿಸಿದ. ಪ್ರಾರ್ಥನೆ ಉದ್ದವಾಗಿತ್ತು, ಅದರಲ್ಲಿ ಅಕ್ಕನಿಗೆ ತಾಳ್ಮೆ ಕೊಡು ಎಂಬ ಮಾತು ಎರಡು ಸಲ ಬಂತು. ನಂಬರಿನ ಮಾತು ಒಂದು ಸಲವೂ ಬರಲಿಲ್ಲ.

ಅವರು ಬಂದಿಳಿದು ಆಗ ಎರಡೇ ದಿನ. ಅಂದು ಬುಧವಾರ. ಶನಿವಾರ ಹನ್ನೊಂದು ಗಂಟೆಗೆ ಶಿಬಿರದ ಉದ್ಘಾಟನೆ, ಇಲ್ಲಿನ ಸಭೆಗಳ ಹಿರಿಯ ಗುರುಗಳು ಬರುವವರಿದ್ದರು. ತಂಡದಲ್ಲಿದ್ದ ನಿವೃತ್ತ ಹೆಡ್ಮಾಸ್ತರು ಬೆಳಗಿನ ಹಾಡಿನಿಂದ ಸಂಜೆ ದೇವರ ಉಪಕಾರ ಹೇಳಿಕೊಳ್ಳುವ ಸಾಕ್ಷಿಯವರೆಗೂ ಗಂಟೆಗಂಟೆಗೆ ಗೆರೆ ಎಳೆದ ವೇಳಾಪಟ್ಟಿಯನ್ನು ಹಜಾರದ ಗೋಡೆಗೆ ಅಂಟಿಸಿದ್ದರು. ಸ್ವಾಗತ, ಪ್ರತಿ ಸ್ವಾಗತ, ಪರಿಚಯ, ಮನೆಭೇಟಿ, ಹಾಡಿನ ಅಭ್ಯಾಸ. ಕಣ್ಣು ಅನ್ನುವ ಪದ ಆ ಪಟ್ಟಿಯಲ್ಲಿ ಶನಿವಾರದ ಕೊನೆಯ ಸಾಲಿನಲ್ಲಿ ಮಾತ್ರ ಇತ್ತು.

"ಅಳತೆ ಯಂತ್ರ ಬಂದ್ರೆ ಇನ್ನೂ ಆಗುತ್ತೆ," ಎಂದಳು ಅಕ್ಕ. "ನಾಳೆ ಬೆಳಗ್ಗೆ ನಾನು ಹೋಗಿ ತರ್ತೀನಿ."

ಯಂತ್ರ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದಿತ್ತು. ವಿಮಾನದಿಂದ ಇಳಿದ ದಿನವೇ, ಕಬ್ಬಿಣದ ಕೊಳವೆ, ಮೇಲೊಂದು ಕಣ್ಣುಗೂಡು, ಪಕ್ಕದಲ್ಲಿ ತಿರುಗಿಸುವ ಚಕ್ರ ನೋಡಿ ಅಲ್ಲಿನವರು ಇದೇನೋ ಆಗಬಾರದ ವಸ್ತು ಎಂದು ಎತ್ತಿಟ್ಟುಕೊಂಡಿದ್ದರು. ಗುರುವಾರ ಬೆಳಗ್ಗೆ ಎಂಟಕ್ಕೇ ಅಕ್ಕ ದುಭಾಷಿಯನ್ನು ಕರೆದುಕೊಂಡು ಹೊರಟಳು.

ದುಭಾಷಿ ಈ ಊರಿನವನೇ, ಅರವತ್ತರ ಆಸುಪಾಸಿನವನು. ಹಡಗಿನ ಅಡುಗೆಮನೆಯಲ್ಲಿ ನಮ್ಮವರ ಜೊತೆ ಇಪ್ಪತ್ತು ವರ್ಷ ದುಡಿದು ನಮ್ಮ ಮಾತು ಕಲಿತಿದ್ದ. ಕಲಿತದ್ದೇನೋ ಚೆನ್ನಾಗಿಯೇ ಕಲಿತಿದ್ದ, ಖರ್ಚು ಮಾಡುವುದಕ್ಕೆ ಮಾತ್ರ ಮಹಾ ಜಿಪುಣ. ಕಟ್ಟೆಯ ಗಾಜಿನ ಹಿಂದಿದ್ದ ಗುಮಾಸ್ತ ಕೈ ಬೀಸಿ, ಮೇಜು ತಟ್ಟಿ, ಮೂರು ಕಾಗದ ತಿರುವಿ ಐದು ನಿಮಿಷ ಮಾತಾಡಿದ.

"ಏನಂತೆ?" ಎಂದಳು ಅಕ್ಕ.

"ಇಲ್ಲವಂತೆ."

"ಐದು ನಿಮಿಷ ಮಾತಾಡಿದ್ನಲ್ಲಪ್ಪ!"

ದುಭಾಷಿ ಸ್ವಲ್ಪ ಯೋಚಿಸಿದ. "ಸೋಮವಾರ ನೋಡೋಣವಂತೆ."

ಮೂರು ಕಿಟಕಿ, ಎರಡು ಮಹಡಿ, ಮುದ್ರೆ ಒತ್ತುವವನು ಚಹಾ ಮುಗಿಸಿ ಬರುವವರೆಗೆ ಒಂದು ಬೆಂಚು. ಕೊನೆಯ ಕಿಟಕಿಯ ಆಚೆ, ಕಪಾಟಿನ ಮೇಲೆ, ತನ್ನ ಯಂತ್ರ ಹಳದಿ ಪಟ್ಟಿ ಸುತ್ತಿಸಿಕೊಂಡು ನಿಂತಿರುವುದು ಅಕ್ಕನಿಗೆ ಕಣ್ಣಾರೆ ಕಂಡಿತು. ಕೈಗೆಟುಕುವಷ್ಟು ಹತ್ತಿರ. ಅದನ್ನು ನೋಡಿ ಅವಳಿಗೆ ಅಳುವೇ ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹನ್ನೆರಡಕ್ಕೆ ಬರಿಗೈಯಲ್ಲಿ ವಾಪಸು ಬಂದರೆ ಮಿಷನ್ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಹತ್ತಿರ ವಯಸ್ಸು, ಸಣ್ಣ ಮುಖ, ಕಾರ್ಖಾನೆಯ ಬೂದು ಬಣ್ಣದ ಅಂಗಿ. ಅಂಗಿಯ ಕಾಲರಿಗೆ ಉದ್ದಕ್ಕೂ ಸೂಜಿ ಚುಚ್ಚಿಕೊಂಡಿದ್ದಳು. ಇಪ್ಪತ್ತಕ್ಕೆ ಕಡಿಮೆಯಿಲ್ಲ, ಪ್ರತಿಯೊಂದಕ್ಕೂ ದಾರ ಪೋಣಿಸಿತ್ತು. ಶಿಬಿರ ಶನಿವಾರ ಅಂತ ಹೇಳಿದರೂ ಎದ್ದು ಹೋಗುತ್ತಿಲ್ಲ ಎಂದು ಹೆಡ್ಮಾಸ್ತರು ವೇಳಾಪಟ್ಟಿ ತೋರಿಸಿ ದೂರಿದರು.

ಹೆಂಗಸು ದುಭಾಷಿಯ ಹತ್ತಿರ ಬಹಳ ಹೊತ್ತು ಮಾತಾಡಿದಳು. ಅವನು ಅಕ್ಕನ ಕಡೆ ತಿರುಗಿ, "ಕಾಣಲ್ಲವಂತೆ," ಎಂದ.

"ಪೂರ್ತಿ ಹೇಳ್ತೀಯೋ, ಇಲ್ಲಾ ನಾನೇ ಇವಳ ಭಾಷೆ ಕಲೀಲೋ?" ಎಂದಳು ಅಕ್ಕ. ಮೂರು ಕಿಟಕಿಗಳ ಸಿಟ್ಟೆಲ್ಲ ಅದರಲ್ಲಿತ್ತು. ಪಾಪ, ದುಭಾಷಿ ಪೂರ್ತಿ ಹೇಳಿದ.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು. ದುಬಾರಿ ಕೋಟುಗಳ ಕಾಜಾ, ಕೈಯಲ್ಲೇ ಹೊಲಿಯಬೇಕು. ಬಲಗಣ್ಣು ಚಿಕ್ಕಂದಿನಲ್ಲೇ ಹೋಗಿದೆ, ಇರುವುದು ಎಡಗಣ್ಣೊಂದು. ಅದೂ ಎರಡು ವರ್ಷದಿಂದ ಹತ್ತಿರದ್ದನ್ನು ಬಿಟ್ಟುಕೊಡುತ್ತಿಲ್ಲ. ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಾಳೆ, ದಾರ ಪೋಣಿಸುವುದಕ್ಕೆ ಮಾತ್ರ ಆಗುವುದಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಮಗಳು ಇಪ್ಪತ್ತು ಸೂಜಿ ಪೋಣಿಸಿ ಕಾಲರಿಗೆ ಚುಚ್ಚಿ ಕಳಿಸುತ್ತಾಳೆ. ಈಗ ಹೊಸ ಮೇಲ್ವಿಚಾರಕ ಬಂದಿದ್ದಾನೆ. ಶನಿವಾರ ಎರಡು ಗಂಟೆಗೆ ನಲವತ್ತೈದು ದಾಟಿದವರಿಗೆಲ್ಲ ಪರೀಕ್ಷೆ: ಎದುರಿಗೆ ನಿಂತು ದಾರ ಪೋಣಿಸಬೇಕು, ಒಂದು ಕಾಜಾ ಹೊಲಿಯಬೇಕು. ಆಗದವರು ಮೂಟೆ ಹೊರುವ ಕಡೆಗೆ. ಅವಳ ಸೊಂಟ ನೋಡಿದರೆ ಮೂಟೆಯ ಕೆಳಗೆ ಒಂದು ವಾರವೂ ನಿಲ್ಲುವುದಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅಕ್ಕ ಅವಳನ್ನು ಒಳಗೆ ಕರೆದು ಕಿಟಕಿಯ ಎದುರು ಕೂರಿಸಿದಳು. ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಕೈಚೀಲದಲ್ಲಿ ಬಂದದ್ದರಿಂದ ಸುಂಕದವರ ಕಣ್ಣು ತಪ್ಪಿಸಿಕೊಂಡಿತ್ತು, ಅದೊಂದು ಪುಣ್ಯ. ಗಾಜು ಬದಲಿಸಿ, ಅಡ್ಡ ತಿರುಗಿಸಿ, ಮತ್ತೆ ಬದಲಿಸಿ ಅರ್ಧ ಗಂಟೆ ನೋಡಿದಳು. ಎಡಗಣ್ಣಿಗೆ ಪ್ಲಸ್ ಮೂರು, ಅದರ ಮೇಲೆ ಒಂದೂವರೆ ಸಿಲಿಂಡರ್, ಅಡ್ಡಡ್ಡ ಮಲಗಿದ್ದು. ಬರೀ ಪ್ಲಸ್ ಮೂರಾಗಿದ್ದರೆ ರಾಶಿಯಲ್ಲಿ ಹತ್ತಾದರೂ ಸಿಗುತ್ತಿದ್ದವು. ಸಿಲಿಂಡರ್ ಇರುವ ಗಾಜು ಕಂಡದ್ದನ್ನು ಒಂದು ಕಡೆ ಹಿಗ್ಗಿಸಿ ಇನ್ನೊಂದು ಕಡೆ ಕುಗ್ಗಿಸುತ್ತದೆ. ಅದು ಒಬ್ಬರದ್ದು ಇನ್ನೊಬ್ಬರಿಗೆ ಕೂಡಿಬರುವುದು ಅಪರೂಪ.

ಸರಿಯಾದ ಗಾಜು ಬಂದಾಗ ಹೆಂಗಸು ಕಾಲರಿನಿಂದ ಒಂದು ಸೂಜಿ ಕಿತ್ತು ಕಣ್ಣಿನ ಹತ್ತಿರ ಹಿಡಿದಳು. ಮಗಳು ಪೋಣಿಸಿದ್ದ ದಾರವನ್ನು ಎಳೆದು ತೆಗೆದಳು. ತಾನೇ ಪೋಣಿಸಿದಳು. ಆಮೇಲೆ ಅದನ್ನೂ ಎಳೆದು ಇನ್ನೊಮ್ಮೆ ಪೋಣಿಸಿದಳು. ಪರೀಕ್ಷೆಯ ಗಾಜನ್ನು ಮೂಗಿನಿಂದ ತೆಗೆಯುವಾಗ ಅಕ್ಕನಿಗೆ ಅವಳ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಯಿತು.

"ಶನಿವಾರ ಹನ್ನೊಂದಕ್ಕೆ ಬರೋಕೆ ಹೇಳು. ಹುಡುಕಿ ಇಟ್ಟಿರ್ತೀನಿ," ಎಂದಳು ದುಭಾಷಿಗೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಅವನು ಆಗಲೇ ಹೇಳಿಯಾಗಿತ್ತು. ಆ ಒಂದು ಮಾತನ್ನು ಮಾತ್ರ ಅವನು ಎಲ್ಲೂ ಮೊಟಕು ಮಾಡಲಿಲ್ಲ.

ಯಂತ್ರವಿಲ್ಲದೆ ನಂಬರು ಕಂಡುಹಿಡಿಯುವ ಹಳೆಯ ಕೈಚಳಕ ಒಂದಿದೆ, ಅದನ್ನು ಅಕ್ಕನಿಗೆ ಅವಳ ಮಾವ ಕಲಿಸಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಶಿಲುಬೆಯಂತೆ ಎರಡು ಗೀಟು ಎಳೆಯಬೇಕು. ಕನ್ನಡಕವನ್ನು ತೋಳುದ್ದ ಹಿಡಿದು ಗಾಜಿನ ಮೂಲಕ ನೋಡುತ್ತ ಅಲ್ಲಾಡಿಸಬೇಕು. ಗೀಟು ಕೈಯ ಜೊತೆ ಓಡಿದರೆ ಮೈನಸ್, ಎದುರು ಓಡಿದರೆ ಪ್ಲಸ್. ಗಾಜನ್ನು ತಿರುಗಿಸಿದಾಗ ಗೀಟು ಮುರಿದ ಹಾಗೆ ಕಂಡರೆ ಸಿಲಿಂಡರ್. ಆಮೇಲೆ ಪೆಟ್ಟಿಗೆಯ ಗಾಜು ಒಂದೊಂದಾಗಿ ಅಡ್ಡ ಹಿಡಿದು ಗೀಟಿನ ಓಟ ನಿಲ್ಲುವವರೆಗೆ ನೋಡಬೇಕು. ಗುರುವಾರ ಮಧ್ಯಾಹ್ನವೇ ಅಕ್ಕ ಗೋಡೆಗೆ ಗೀಟು ಎಳೆದಳು. ಅದನ್ನು ನೋಡಿದ ನಾದಿನಿ, "ಅತ್ತಿಗೆ ಧ್ಯಾನಕ್ಕೆ ಕೂತಿದಾರೆ," ಎಂದು ಎಲ್ಲರನ್ನೂ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದಳು.

ನೋಡುವುದಕ್ಕಿಂತ ಬಿಚ್ಚುವುದೇ ದೊಡ್ಡ ಪಾಡಾಗಿತ್ತು. ಮಹಿಳಾ ಸಂಘದವರು ಒಂದೊಂದು ರಿಬ್ಬನ್ನಿಗೂ ಎರಡು ಗಂಟು ಹಾಕಿ, ಮೇಲೆ ಹೂ ಕಟ್ಟಿ, ಬಿಚ್ಚಿಹೋಗದಿರಲಿ ಎಂದು ಸೂಜಿಯಲ್ಲಿ ಒಂದು ಹೊಲಿಗೆಯನ್ನೂ ಹಾಕಿದ್ದರು. ಕತ್ತರಿ ತಂದಿದ್ದು ಒಂದೇ. ಅದು ಉದ್ಘಾಟನೆಯ ದಿನ ಹಿರಿಯ ಗುರುಗಳು ಬಾಗಿಲ ರಿಬ್ಬನ್ ಕತ್ತರಿಸಲಿಕ್ಕೆ ಎಂದು ಹೆಡ್ಮಾಸ್ತರ ವಶದಲ್ಲಿತ್ತು, ಅವರು ಕೊಡಲಿಲ್ಲ. ಅಕ್ಕ ಹಲ್ಲಿನಲ್ಲಿ ಬಿಚ್ಚಿದಳು. ಸಂಜೆಯ ಹೊತ್ತಿಗೆ ಅರವತ್ತೆಂಟು ಆಗಿತ್ತು, ಬಾಯಿಯ ತುಂಬ ನೂಲಿನ ರುಚಿ.

ಶುಕ್ರವಾರ ಅವಳನ್ನು ಒಂದು ಕಡೆ ಕೂರಲು ಬಿಡಲಿಲ್ಲ. ಬೆಳಗ್ಗೆ ಸ್ವಾಗತ, "ಅಕ್ಕನವ್ರೇ, ನೀವಿಲ್ದೆ ಹೇಗೆ?" ಎಂದು ಹೆಡ್ಮಾಸ್ತರು. ಹತ್ತಕ್ಕೆ ಮನೆಭೇಟಿ, ನಾಲ್ಕು ಮನೆ, ನಾಲ್ಕರಲ್ಲೂ ಚಹಾ, ನಾಲ್ಕರಲ್ಲೂ ಎಲ್ಲರ ಹೆಸರು ಕೇಳಿ ಮತ್ತೆ ಹೇಳಿಸುವ ಆಟ. ಎರಡಕ್ಕೆ ಹಾಡಿನ ಅಭ್ಯಾಸ. ಅಕ್ಕ ಬಚ್ಚಲಿಗೆ ಹೋಗುವ ನೆಪದಲ್ಲಿ ತಪ್ಪಿಸಿಕೊಂಡು ಹಜಾರಕ್ಕೆ ಬಂದು ಏಳು ಚೀಲ ಬಿಚ್ಚುವಷ್ಟರಲ್ಲಿ ಹೆಡ್ಮಾಸ್ತರು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಅವಳು ಎದ್ದಳು. ಐವತ್ತಮೂರು ವರ್ಷದ ಹೆಂಗಸು!

ಮೂರು ಗಂಟೆಗೆ ಪಿತ್ತ ನೆತ್ತಿಗೇರಿತು. ಅಭ್ಯಾಸದ ನಡುವೆ ತಮ್ಮನನ್ನು ವರಾಂಡಕ್ಕೆ ಎಳೆದುಕೊಂಡು ಬಂದಳು.

"ಗುಂಡು, ನನಗೆ ಇಬ್ಬರು ಬೇಕು, ರಿಬ್ಬನ್ ಬಿಚ್ಚೋಕೆ. ಈಗ್ಲೇ."

"ಅಕ್ಕಾ, ನಾಳೆ ಅಷ್ಟು ಜನ ಬರ್ತಾರೆ. ಹಾಡು ಒಂದ್ಸಲನೂ ಸರಿ ಬಂದಿಲ್ಲ."

"ಹಾಡು ಸರಿ ಬರದಿದ್ರೆ ಯಾರ ಕೆಲಸ ಹೋಗುತ್ತೆ?"

ತಮ್ಮ ನಿಟ್ಟುಸಿರು ಬಿಟ್ಟ. ಸಭೆಯಲ್ಲಿ ಜಗಳವಾಡುವ ಗಂಡಹೆಂಡಿರ ಮುಂದೆ ಬಿಡುವ ನಿಟ್ಟುಸಿರು ಅದು, ಅಕ್ಕನಿಗೆ ಗೊತ್ತಿತ್ತು. "ನಾನೊಂದು ಹೇಳ್ಲಾ? ಅಷ್ಟೊಂದು ಅಳತೆ ಗಿಳತೆ ಯಾಕೆ? ಮೇಜಿನ ಮೇಲೆ ಹರಡೋಣ. ಜನ ಹಾಕ್ಕೊಂಡು ನೋಡ್ಲಿ. ಯಾವುದ್ರಲ್ಲಿ ಕಾಣುತ್ತೋ ಅದನ್ನ ಕೊಟ್ಬಿಡೋಣ. ಮಿಕ್ಕಿದ್ದು ದೇವ್ರು ನೋಡ್ಕೋತಾನೆ."

"ತಲೆನೋವು ಬಂದ್ರೆ? ಮೆಟ್ಟಿಲು ಕಾಣ್ದೆ ಬಿದ್ರೆ? ಅದನ್ನೂ ದೇವ್ರೇ ನೋಡ್ಕೋಬೇಕಾ?"

"ಇಲ್ಲದ್ದಕ್ಕಿಂತ ಇರೋದು ವಾಸಿ ಅಲ್ವಾ ಅಕ್ಕಾ?"

"ಅಲ್ಲ!" ಎಂದು ಅಕ್ಕ ಕಿರುಚಿದಳು. ಒಳಗೆ ಹಾಡು ನಿಂತೇಹೋಯಿತು. "ಅಲ್ಲ ಗುಂಡು. ಚಪ್ಪಲಿಯಾದ್ರೂ ದೊಡ್ಡದು ಹಾಕ್ಕೊಂಡು ನಡೀಬಹುದು, ಇದು ಹಾಗಲ್ಲ. ಆರು ತಿಂಗಳು ನಾನು ಕೂತು ಮಾಡಿದ್ದೇನು ಅಂತ ನಿಂಗಿವತ್ತಿಗೂ ಗೊತ್ತಾಗಿಲ್ಲ. ನಿನಗೂ ಗೊತ್ತಿಲ್ಲ, ನಿನ್ನ ಹೆಂಡತಿಗೂ ಗೊತ್ತಿಲ್ಲ."

ಅಲ್ಲಿಂದ ಅವಳು ತಮ್ಮನ ಮುಖ ನೋಡಲಿಲ್ಲ. ಅವನು ಎದುರು ಬಂದರೆ ಕಿಟಕಿ ನೋಡಿದಳು, ಊಟದಲ್ಲಿ ಪಕ್ಕ ಕೂತರೆ ತಟ್ಟೆ ನೋಡಿದಳು. ಚಿಕ್ಕಂದಿನಲ್ಲಿ ಅವನಿಗೆ ಕೊಡುತ್ತಿದ್ದ ಶಿಕ್ಷೆಯೂ ಅದೇ. ಆಗಲೂ ಅವನು ಎರಡು ಹೊಡೆತವಾದರೂ ಕೊಟ್ಟುಬಿಡು ಎಂದು ಬೇಡಿಕೊಳ್ಳುತ್ತಿದ್ದ. ದೀಪ ಹಾಕಿಕೊಂಡು ಕೂತು, ನಡುರಾತ್ರಿಯ ಹೊತ್ತಿಗೆ ಇನ್ನೂರ ಮೂವತ್ತು ಚೀಲ ಮುಗಿಸಿದ್ದಳು. ಸಿಲಿಂಡರ್ ಇದ್ದವು ಆರು, ಆರೂ ಬೇರೆ ನಂಬರು.

ಶನಿವಾರ ಬೆಳಗ್ಗೆ ಅವಳು ಹಜಾರದ ಮೂಲೆಗೆ ಒಂದು ಸ್ಟೂಲು ಎಳೆದುಕೊಂಡು ಕೂತಳು. ಯಾರು ಕರೆದರೂ ಏಳಲಿಲ್ಲ. ಅವಳ ಸುತ್ತಲೇ ಕುರ್ಚಿ ಜೋಡಿಸಿದರು, ಬಾಗಿಲಿಗೆ ರಿಬ್ಬನ್ ಕಟ್ಟಿದರು, ಕಿಟಕಿಗೆ ಬಣ್ಣದ ಕಾಗದ ಅಂಟಿಸಿ ಬೆಳಕನ್ನೂ ಅರ್ಧ ಕಿತ್ತುಕೊಂಡರು. ಹತ್ತೂವರೆಗೆ ಪಕ್ಕದ ಬಾಗಿಲಿಂದ ಜನ ತುಂಬಿದರು. ಹನ್ನೊಂದಕ್ಕೆ ಸರಿಯಾಗಿ ಕಾಜಾದವಳು ಬಂದು ಅಕ್ಕನ ಮುಂದೆ ನಿಂತಳು. ಇವತ್ತು ಕಾಲರಿನಲ್ಲಿ ಒಂದು ಸೂಜಿಯೂ ಇರಲಿಲ್ಲ. ಅಷ್ಟು ನಂಬಿ ಬಂದಿದ್ದಳು.

ಅಕ್ಕ ತಲೆಯೆತ್ತಲಿಲ್ಲ. ಇನ್ನೂರ ಎಪ್ಪತ್ತೊಂದು, ಮೈನಸ್. ಇನ್ನೂರ ಎಪ್ಪತ್ತೆರಡು, ಮೈನಸ್. ಇನ್ನೂರ ಎಪ್ಪತ್ತಮೂರರಲ್ಲಿ ಗೀಟು ಮುರಿಯಿತು. ನೋಡಿದರೆ ಎದುರು ಓಡಬೇಕಾದ ಗೀಟು ಜೊತೆಗೆ ಓಡಿತು. ಮೇಜಿನ ಮೇಲೆ ಇನ್ನೂ ಮುನ್ನೂರ ಅರವತ್ತೇಳು ಚೀಲ ನೀಲಿ ರಿಬ್ಬನ್ ಮುಡಿದು ಕೂತಿದ್ದವು. ಕಾರ್ಖಾನೆಗೆ ಎರಡು ಬಸ್ಸು ಬದಲಿಸಿ ಹೋಗಬೇಕು, ಹನ್ನೆರಡಕ್ಕೆ ಹೊರಡಲೇಬೇಕು ಎಂದು ದುಭಾಷಿ ಕಿವಿಯಲ್ಲಿ ಹೇಳಿದ. ಅಕ್ಕ ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟಳು. ಏನೂ ಕೊಡಲಾಗುವುದಿಲ್ಲ ಎಂದು ಹೇಳಬೇಕಾದವಳು ತಾನೇ. ಆ ಮಾತು ಹೇಗೆ ಹೇಳಲಿ ಎಂದು ಅವಳು ತಲೆಯೆತ್ತಿದಳು.

ಬಾಗಿಲ ರಿಬ್ಬನ್ ಕತ್ತರಿಸಿಯಾಗಿತ್ತು, ಹಾಡು ಮುಗಿದಿತ್ತು. ಎದುರಿಗೆ ವೇದಿಕೆಯ ಮೇಲೆ ತಮ್ಮ, ಭಾಷಣದ ನಾಲ್ಕು ಹಾಳೆ ಬಿಡಿಸಿಕೊಂಡು ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಳ್ಳುತ್ತಿದ್ದ. ನಿನ್ನೆ ಮಧ್ಯಾಹ್ನದಿಂದ ನೋಡದಿದ್ದ ಮುಖ. ಅವನು ಹಾಳೆಯತ್ತ ತಲೆ ಓರೆ ಮಾಡಿದಾಗ ಎಡಗಡೆಯ ಗಾಜಿನೊಳಗೆ ಅವನ ಕೆನ್ನೆಯ ಅಂಚು ಮುರಿದು, ಪಕ್ಕಕ್ಕೆ ಸರಿದು ಕಂಡಿತು. ಆ ಮುರಿತವನ್ನು ಅಕ್ಕ ನೋಡಿದ ಕೂಡಲೇ ಗುರುತಿಸಿದಳು. ಆ ಗಾಜನ್ನು ಹೋದ ವರ್ಷ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಉಜ್ಜಿದವಳು ತಾನೇ. ಎಡಗಣ್ಣು: ಪ್ಲಸ್ ಮೂರು, ಸಿಲಿಂಡರ್ ಒಂದೂವರೆ, ಅಡ್ಡ. ಗಿರಾಕಿಗಳ ನಂಬರೆಲ್ಲ ಬಾಯಿಪಾಠ ಇದ್ದವಳಿಗೆ ಒಡಹುಟ್ಟಿದವನದ್ದು ಮಾತ್ರ ನೆನಪೇ ಆಗಿರಲಿಲ್ಲ.

ಪಕ್ಕದಲ್ಲಿದ್ದ ನಾದಿನಿಯ ತೋಳು ಹಿಡಿದಳು. "ಅವನಿಗೆ ಇನ್ನೊಂದು ಜೊತೆ ಮಾಡ್ಕೊಟ್ಟಿದ್ನಲ್ಲ, ಅದೆಲ್ಲಿ?"

ನಾದಿನಿಯ ಮುಖ ಬಾಡಿತು. "ಅದು... ಎರಡಿದ್ವಲ್ಲ ಅತ್ತಿಗೆ. ಒಂದು ಸಾಕು ಅಂತ ನಾನೇ ಈ ರಾಶಿಗೆ ಹಾಕ್ದೆ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳೀಬಾರ್ದು ಅಂತ ಅವರಿಗೂ ಹೇಳ್ಲಿಲ್ಲ."

ಎಲ್ಲಿ? ಮುನ್ನೂರ ಅರವತ್ತೇಳರಲ್ಲಿ ಒಂದರೊಳಗೆ. ಅಕ್ಕನಿಗೆ ನಗಬೇಕೋ ಕೂಗಬೇಕೋ ತಿಳಿಯಲಿಲ್ಲ. ಅವಳು ಎದ್ದಳು. ಕುರ್ಚಿಗಳ ನಡುವೆ, ಮಂಡಿಗಳನ್ನು ತಾಗಿಸಿಕೊಂಡು, ಕಾಲು ತುಳಿದುಕೊಂಡು ನೇರ ವೇದಿಕೆ ಹತ್ತಿದಳು. ಹಿರಿಯ ಗುರುಗಳು ಇವಳೂ ಕಾರ್ಯಕ್ರಮದಲ್ಲಿ ಇರಬೇಕೆಂದುಕೊಂಡು ಎದ್ದು ವಂದಿಸಿದರು. ಹೆಡ್ಮಾಸ್ತರು ವೇಳಾಪಟ್ಟಿ ನೋಡಿಕೊಂಡರು.

"ಗುಂಡು, ಕನ್ನಡಕ ಕೊಡು."

"ಅಕ್ಕಾ!" ಅವನು ಪಿಸುಗುಟ್ಟಿದ. "ಈಗಾ? ಭಾಷಣ ಓದ್ಬೇಕು."

"ಆ ಮೂಲೇಲಿ ನಿಂತೋಳ ನಂಬರು ನಿನ್ನದೇ. ಇನ್ನೆಲ್ಲೂ ಸಿಕ್ಕಿಲ್ಲ. ಹನ್ನೆರಡಕ್ಕೆ ಅವಳು ಹೊರಡ್ಬೇಕು."

"ಇನ್ನೊಂದಿದೆಯಲ್ಲ ನಂದು, ಅದನ್ನ ಕೊಡೋಣ..."

"ಅದನ್ನ ನಿನ್ನ ಹೆಂಡತಿ ಆಗ್ಲೇ ದಾನ ಮಾಡಿದಾಳೆ. ಎಲ್ಲಿದೆ ಅಂತ ದೇವ್ರಿಗೆ ಗೊತ್ತು. ನಂಗೆ ಗೊತ್ತಾಗೋಕೆ ಇನ್ನೂ ಎರಡು ದಿನ ಬೇಕು."

ತಮ್ಮ ಕೈಯಲ್ಲಿನ ಹಾಳೆ ನೋಡಿದ. ಒಂದು ವಾರ ಕೂತು ಬರೆದದ್ದು. ಮುಂದಿನ ಸಾಲಿನ ಗುರುಗಳನ್ನು ನೋಡಿದ, ಮೂಲೆಯಲ್ಲಿ ಖಾಲಿ ಕಾಲರಿನ ಹೆಂಗಸನ್ನು ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಅಯ್ಯನವರೇ ಉಳಿದಿದ್ದರು. ಆಮೇಲೆ ಅವನು ಕನ್ನಡಕ ತೆಗೆದ. ಮಡಚಲು ಹೋಗಿ, ಮಡಚದೆ, ಹಾಗೆಯೇ ಅವಳ ಕೈಗೆ ಕೊಟ್ಟ.

ಕಡ್ಡಿ ಕಾಜಾದವಳ ಸಣ್ಣ ಮುಖಕ್ಕೆ ಉದ್ದವಾಗಿತ್ತು. ಅತಿಥಿಗಳಿಗೆ ಕಾಯಿಸಿಟ್ಟಿದ್ದ ಚಹಾದ ನೀರಿನಲ್ಲಿ ಅದನ್ನು ಅದ್ದಿ, ಮೆತ್ತಗಾದ ಮೇಲೆ ಕಿವಿಯ ಹಿಂದಕ್ಕೆ ಬಗ್ಗಿಸಿ, ಮೂರು ಸಲ ಹಾಕಿ ತೆಗೆದು, ಅಕ್ಕ ಸರಿಮಾಡಿದಳು. ಮಹಿಳಾ ಸಂಘದವರ ಹೊಲಿಗೆಯ ಪೆಟ್ಟಿಗೆಯಿಂದ ಸೂಜಿ ಬಂತು, ದಾರ ಬಂತು. ಕಾಜಾದವಳು ದಾರದ ತುದಿಯನ್ನು ತುಟಿಗೆ ಒತ್ತಿ, ಸೂಜಿ ಎತ್ತಿ, ಒಂದೇ ಸಲಕ್ಕೆ ಪೋಣಿಸಿದಳು. ಕಪ್ಪು ದಪ್ಪ ಫ್ರೇಮಿನಲ್ಲಿ ಅವಳು ಥೇಟ್ ಅಯ್ಯನವರಂತೆ ಕಾಣುತ್ತಿದ್ದಳು. ಏನೋ ಎರಡು ಮಾತು ಹೇಳಿ, ಗೋಡೆಯ ಗಡಿಯಾರ ನೋಡಿ, ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಓಡಿದಳು.

"ಏನಂದ್ಲು?" ಎಂದಳು ಅಕ್ಕ.

"ಬಸ್ಸಿಗೆ ಹೊತ್ತಾಯ್ತಂತೆ," ಎಂದ ದುಭಾಷಿ.

ವೇದಿಕೆಯ ಮೇಲೆ ತಮ್ಮ ಹಾಳೆಯನ್ನು ತೋಳುದ್ದ ಹಿಡಿದು ನೋಡಿದ, ಬೆಳಕಿಗೆ ತಿರುಗಿಸಿ ನೋಡಿದ. ಕೊನೆಗೆ ಮಡಚಿ ಜೇಬಿಗಿಟ್ಟುಕೊಂಡ. "ಕನ್ನಡಕ ಇವತ್ತು ಕೊಡೋಕಾಗಲ್ಲ," ಎಂದ. "ತಪ್ಪು ನಮ್ಮದು. ನಂಬರು ನಾವೇ ತೊಳೆದುಹಾಕಿದೀವಿ. ನಮ್ಮಕ್ಕ ಒಂದೊಂದಾಗಿ ಮತ್ತೆ ನೋಡ್ತಾರೆ. ಬುಧವಾರ ಬನ್ನಿ." ಅವನ ಜೀವಮಾನದ ಅತಿ ಚಿಕ್ಕ ಭಾಷಣ ಅದು. ದುಭಾಷಿ ಅದನ್ನು ಕೈ ಬೀಸಿ, ಎದೆ ಮುಟ್ಟಿಕೊಂಡು, ಹತ್ತು ನಿಮಿಷ ಅನುವಾದಿಸಿದ. ಜನ ಗೊಣಗಿದರು, ಕೆಲವರು ನಕ್ಕರು, ಬಹಳ ದೂರದಿಂದ ಬಂದವರು ಅಲ್ಲೇ ಬೈದರು. ಅವರು ಬೈದದ್ದು ನ್ಯಾಯವೇ ಎಂದು ಅಕ್ಕನಿಗೆ ಅನ್ನಿಸಿತು.

ಮೂರು ಗಂಟೆಗೆ ಹಜಾರ ಖಾಲಿಯಾಗಿತ್ತು. ಕಾರ್ಖಾನೆಯಲ್ಲಿ ಏನಾಯಿತೋ ತಿಳಿಯುವ ದಾರಿ ಇರಲಿಲ್ಲ. ಅಕ್ಕ ಮತ್ತೆ ಗೀಟಿನ ಮುಂದೆ ಕೂತಿದ್ದಳು. ಸಿಟ್ಟು ಇಳಿದಿರಲಿಲ್ಲ, ಸುಸ್ತಾಗಿ ಪಕ್ಕದಲ್ಲಿ ಕೂತಿತ್ತು ಅಷ್ಟೆ. ನಾದಿನಿ ಹೆಡ್ಮಾಸ್ತರಿಂದ ಕತ್ತರಿ ಕಸಿದುಕೊಂಡು ಬಂದು, ತಾನೇ ಹಾಕಿದ ಹೊಲಿಗೆಗಳನ್ನು ತಲೆ ತಗ್ಗಿಸಿಕೊಂಡು ಕತ್ತರಿಸುತ್ತಿದ್ದಳು.

ತಮ್ಮ ಬಂದು ಎದುರು ಕುರ್ಚಿ ಎಳೆದುಕೊಂಡ. ರಾತ್ರಿ ಪ್ರಾರ್ಥನೆಯ ಬೈಬಲ್ ಪಾಠ ಅವನು ಓದಬೇಕಿತ್ತು, ಪುಸ್ತಕ ತೆರೆದರೆ ಎಲ್ಲಾ ಇರುವೆ ಸಾಲು. ಹೆಂಡತಿ ಬಿಚ್ಚಿದ್ದೊಂದನ್ನು ತೆಗೆದು ಹಾಕಿಕೊಂಡ, ತನ್ನದಲ್ಲ. ಇನ್ನೊಂದು. ಮತ್ತೊಂದು. ಎಂಟನೆಯದನ್ನು ಹಾಕಿಕೊಂಡು, "ಇದ್ರಲ್ಲಿ ಕಾಣುತ್ತೆ ಅಕ್ಕಾ," ಎಂದು ಪುಸ್ತಕಕ್ಕೆ ಬಗ್ಗಿದ. ಎರಡು ಪುಟ ಓದುವಷ್ಟರಲ್ಲಿ ಅವನು ಹಣೆ ಒತ್ತಿಕೊಂಡ. ಎದ್ದು ನಿಲ್ಲಲು ಹೋಗಿ ಮೇಜಿನ ಅಂಚು ಹಿಡಿದುಕೊಂಡ.

"ತಲೆ ಸುತ್ತುತ್ತೆ ಅಕ್ಕಾ. ನೆಲ ಎಲ್ಲೋ ಕೆಳಗೆ ಹೋದ ಹಾಗಿದೆ."

ಅಕ್ಕ ಅವನ ಮೂಗಿನಿಂದ ಆ ಕನ್ನಡಕ ತೆಗೆದು, ಗೀಟಿನ ಮುಂದೆ ಹಿಡಿದು ಅಳೆದು, ಚೀಟಿಯಲ್ಲಿ ನಂಬರು ಬರೆದು ಅಂಟಿಸಿದಳು. ಆಮೇಲೆ ರಾಶಿಯಿಂದ ಇನ್ನೊಂದು ಚೀಲ ಎತ್ತಿ ಅವನ ಮುಂದೆ ಇಟ್ಟಳು.

"ಬಿಚ್ಚು," ಎಂದಳು.